ನಿಲ್ಲದ ಕಣ್ಣು: ಕಂಡವರು ಯಾರು, ಅಳೆದವರು ಯಾರು?

ಕೆಲವು ತಿಂಗಳ ಹಿಂದೆ ಜುಮಾ ಭಾಷಣದಲ್ಲಿ ನಾನೊಂದು ಮಾತು ಹೇಳಿದ್ದೆ. ಕಣ್ಣಿನ ಬಗ್ಗೆ ಇಂದಿನ ವಿಜ್ಞಾನಿಗಳು ಕಂಡುಕೊಂಡದ್ದೆಲ್ಲವನ್ನೂ ಇಬ್ನುಲ್ ಹೈಸಮ್ ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾರೆ ಎಂದು. ನಮಾಝ್ ಮುಗಿದ ಮೇಲೆ ಪಿಯುಸಿ ಓದುವ ಹುಡುಗನೊಬ್ಬ ಬಳಿ ಬಂದ. "ಉಸ್ತಾದ್, ನೆಟ್ಟ ನೋಟದಲ್ಲಿ ನೋಡುವಾಗಲೂ ಕಣ್ಣು ಅಲುಗುತ್ತಲೇ ಇರುತ್ತದಂತೆ. ಅದನ್ನೂ ಅವರೇ ಬರೆದಿದ್ದಾರಾ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಹುಡುಕಿ ಓದಿದೆ. ಆ ಓದಿನ ಸಾರ ಇಲ್ಲಿದೆ.

ಹಿಜರಿ 354ರ (ಕ್ರಿ.ಶ. 965) ಸುಮಾರಿಗೆ ಬಸ್ರಾದಲ್ಲಿ ಹುಟ್ಟಿದ ಇಬ್ನುಲ್ ಹೈಸಮ್ ಕೈರೋದಲ್ಲಿ ಏಳು ಭಾಗಗಳ 'ಕಿತಾಬುಲ್ ಮನಾಝಿರ್' ಬರೆದರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂಬ ಯೂಕ್ಲಿಡ್ ಮತ್ತು ಟಾಲೆಮಿಯ ವಾದವನ್ನು ಅವರು ಒಪ್ಪಲಿಲ್ಲ. ವಸ್ತುವಿನಿಂದ ಬೆಳಕೇ ಕಣ್ಣಿಗೆ ಬರುತ್ತದೆ ಎಂದು ವಾದಿಸಿದರು. ಕಣ್ಣಿನ ಚಲನೆಯ ಬಗ್ಗೆಯೂ ಬರೆದರು. ನೋಟದ ನಡುಭಾಗದಲ್ಲಿ ಮಾತ್ರ ವಸ್ತು ಸ್ಪಷ್ಟವಾಗಿ ಕಾಣುತ್ತದೆ; ಆದ್ದರಿಂದ ಸರಿಯಾಗಿ ತಿಳಿಯಬೇಕಾದರೆ ಕಣ್ಣು ಅದರ ಒಂದೊಂದು ಭಾಗದ ಮೇಲೂ ಹಾಯಬೇಕು ಎಂದರು. ಆದರೆ ಅದು ಪರಿಶೀಲಿಸಿ ನೋಡುವಾಗಿನ ಚಲನೆ. ಹುಡುಗ ಕೇಳಿದ್ದು ನಮಗೆ ಅರಿವಿಲ್ಲದೆ ನಡೆಯುವ ಸೂಕ್ಷ್ಮ ಅಲುಗಾಟದ ಬಗ್ಗೆ. ಅದನ್ನು ಅಳೆಯುವ ಉಪಕರಣ ಅವರ ಕಾಲದಲ್ಲಿ ಇರಲಿಲ್ಲ.

ಅದರ ಸುಳಿವು ಸಿಕ್ಕಿದ್ದು ಬಹಳ ತಡವಾಗಿ. 1786ರಲ್ಲಿ ಇಂಗ್ಲೆಂಡಿನ ವೈದ್ಯ ರಾಬರ್ಟ್ ಡಾರ್ವಿನ್ (ಚಾರ್ಲ್ಸ್ ಡಾರ್ವಿನ್‌ನ ತಂದೆ) ಬಣ್ಣದ ವೃತ್ತವೊಂದನ್ನು ದಿಟ್ಟಿಸುತ್ತಿದ್ದಾಗ ಅದರ ಅಂಚಿನಲ್ಲಿ ಬೆಳಕಿನ ಗೆರೆಯೊಂದು ಓಲಾಡುವುದನ್ನು ಕಂಡ. ಕಣ್ಣು ಸ್ಥಿರವಾಗಿಲ್ಲದ್ದೇ ಇದಕ್ಕೆ ಕಾರಣ ಎಂದು ಬರೆದ. 1804ರಲ್ಲಿ ಸ್ವಿಸ್ ವೈದ್ಯ ಟ್ರಾಕ್ಸ್ಲರ್ ಇನ್ನೊಂದು ವಿಷಯ ಗಮನಿಸಿದ. ಅದನ್ನು ನೀವು ಮನೆಯಲ್ಲೇ ಮಾಡಿ ನೋಡಬಹುದು. ಬಿಳಿ ಹಾಳೆಯ ಮೇಲೆ ಒಂದು ಚುಕ್ಕೆ ಇಡಿ. ಅಂಗೈಯಗಲ ದೂರದಲ್ಲಿ ಪೆನ್ಸಿಲಿನಿಂದ ಮಸುಕಾದ ಕಲೆಯೊಂದನ್ನು ಮಾಡಿ. ಚುಕ್ಕೆಯನ್ನೇ ಕಣ್ಣು ಕದಲಿಸದೆ ನೋಡುತ್ತಾ ಕುಳಿತರೆ ಸ್ವಲ್ಪ ಹೊತ್ತಿನಲ್ಲಿ ಆ ಕಲೆ ಮಾಯವಾಗುತ್ತದೆ. ಕಣ್ಣು ಕದಲಿಸಿದೊಡನೆ ಮರಳಿ ಬರುತ್ತದೆ.

ಮುಂದಿನದು ಅಳತೆಯ ಕಥೆ. 1898ರ ಸುಮಾರಿಗೆ ಅಮೆರಿಕದ ಎಡ್ಮಂಡ್ ಹ್ಯೂಯಿ, ಓದುವವರ ಕಣ್ಣಿನ ಮೇಲೆ ಪ್ಲಾಸ್ಟರಿನ ಪುಟ್ಟ ಬಟ್ಟಲು ಕೂರಿಸಿ, ಅದಕ್ಕೆ ಕಡ್ಡಿ ಜೋಡಿಸಿ ಚಲನೆಯನ್ನು ದಾಖಲಿಸಿದ. 1901ರಲ್ಲಿ ರೇಮಂಡ್ ಡಾಡ್ಜ್ ಕಣ್ಣನ್ನು ಮುಟ್ಟದೆಯೇ, ಕಣ್ಣಿನಿಂದ ಪ್ರತಿಫಲಿಸಿದ ಬೆಳಕಿನ ಫೋಟೋ ತೆಗೆದು ಅಳೆಯುವ ದಾರಿ ತೋರಿಸಿದ. ಸೂಕ್ಷ್ಮ ಅಲುಗಾಟ ಹಿಡಿಯಲು ಇದೂ ಸಾಲಲಿಲ್ಲ. 1950ರಲ್ಲಿ ರ‍್ಯಾಟ್ಲಿಫ್ ಮತ್ತು ರಿಗ್ಸ್ ಕಾಂಟ್ಯಾಕ್ಟ್ ಲೆನ್ಸಿಗೆ ಸಣ್ಣ ಕನ್ನಡಿ ಅಂಟಿಸಿದರು. ಕಣ್ಣು ಕೂದಲೆಳೆಯಷ್ಟು ತಿರುಗಿದರೂ ಕನ್ನಡಿಯಿಂದ ಹೊರಟ ಬೆಳಕು ದೂರದ ಫಿಲ್ಮಿನ ಮೇಲೆ ದೊಡ್ಡದಾಗಿ ಸರಿಯುತ್ತಿತ್ತು.

ಅದರ ಬೆನ್ನಿಗೇ ದೊಡ್ಡ ಪ್ರಶ್ನೆ ಬಂತು. ಈ ಅಲುಗಾಟ ಕಣ್ಣಿನ ದೋಷವೇ, ಅಗತ್ಯವೇ? 1952ರಲ್ಲಿ ಇಂಗ್ಲೆಂಡಿನಲ್ಲಿ ಡಿಚ್‌ಬರ್ನ್ ಮತ್ತು ಗಿನ್ಸ್‌ಬೋರ್ಗ್, ಮರುವರ್ಷ ಅಮೆರಿಕದಲ್ಲಿ ರಿಗ್ಸ್ ಮತ್ತು ಸಂಗಡಿಗರು, ಅದೇ ಕನ್ನಡಿಯನ್ನು ಬಳಸಿ ನೋಡುವ ಚಿತ್ರವೂ ಕಣ್ಣಿನ ಜೊತೆಗೇ ಚಲಿಸುವಂತೆ ಮಾಡಿದರು. ಕಣ್ಣು ಎತ್ತ ಸರಿದರೂ ಚಿತ್ರ ಅಕ್ಷಿಪಟಲದ ಒಂದೇ ಜಾಗದಲ್ಲಿ ನಿಂತಿತು. ಚಿತ್ರ ಹೆಚ್ಚು ಸ್ಪಷ್ಟವಾಗುತ್ತದೆಂದು ನಮಗನಿಸಬಹುದು. ಆದದ್ದು ತಿರುವುಮುರುವು. ಕೆಲವೇ ಸೆಕೆಂಡುಗಳಲ್ಲಿ ಗೆರೆಗಳು ಮಸುಕಾಗಿ ಮಾಯವಾದವು! ಮಾಸ್ಕೋದಲ್ಲಿ ಆಲ್ಫ್ರೆಡ್ ಯಾರ್ಬಸ್ ಕಣ್ಣಿಗೆ ಅಂಟುವ ಪುಟ್ಟ ಬಿರಡೆಯಂಥ ಸಾಧನದಿಂದ ಪ್ರಯೋಗ ಮಾಡಿದಾಗಲೂ ಹೀಗೇ ಆಯಿತು.

ಕಾರಣ ಅರ್ಥವಾಗದ್ದೇನಲ್ಲ. ಜುಮಾಕ್ಕೆ ಹೊರಡುವಾಗ ಹಚ್ಚಿದ ಅತ್ತರಿನ ಪರಿಮಳ ಸ್ವಲ್ಪ ಹೊತ್ತಿಗೆ ಹಚ್ಚಿದವರಿಗೇ ತಿಳಿಯುವುದಿಲ್ಲ. ಪಕ್ಕದಲ್ಲಿ ಬಂದು ಕೂತವರಿಗೆ ತಿಳಿಯುತ್ತದೆ. ಕಣ್ಣಿನ ನರಗಳೂ ಹಾಗೆಯೇ. ಬದಲಾವಣೆಗೆ ಅವು ಚುರುಕಾಗಿ ಸ್ಪಂದಿಸುತ್ತವೆ, ಬದಲಾಗದ್ದಕ್ಕೆ ಸುಮ್ಮನಾಗುತ್ತವೆ. ಸೂಕ್ಷ್ಮ ಅಲುಗಾಟ ಅವುಗಳನ್ನು ಸುಮ್ಮನಾಗಲು ಬಿಡುವುದಿಲ್ಲ.

ಈ ಅಲುಗಾಟ ಮೂರು ಬಗೆ: ನಿಧಾನವಾದ ತೇಲಾಟ, ಅತಿ ಸಣ್ಣ ನಡುಕ, ಮತ್ತು ಸೆಕೆಂಡಿಗೆ ಒಂದೆರಡು ಬಾರಿ ಆಗುವ ಪುಟ್ಟ ಜಿಗಿತ. ಹುಣ್ಣಿಮೆ ಚಂದ್ರ ನಮಗೆ ಅರ್ಧ ಡಿಗ್ರಿ ಅಗಲ ಕಾಣುತ್ತಾನೆ. ಈ ಜಿಗಿತ ಸಾಮಾನ್ಯವಾಗಿ ಅಷ್ಟೂ ಇರುವುದಿಲ್ಲ. ಈ ಜಿಗಿತದಿಂದ ಉಪಯೋಗವೇನೂ ಇಲ್ಲ ಎಂದು 1980ರಲ್ಲೂ ವಾದಿಸಿದವರಿದ್ದರು. 2006ರ ಪ್ರಯೋಗವೊಂದು, ಮಾಯವಾಗುವ ಚಿತ್ರವನ್ನು ಈ ಜಿಗಿತಗಳು ಮರಳಿ ತರುತ್ತವೆ ಎಂದು ತೋರಿಸಿತು. 2007ರಲ್ಲಿ ಮಿಕೆಲೆ ರುಚಿ ಮತ್ತು ಸಂಗಡಿಗರು, ಈ ಸೂಕ್ಷ್ಮ ಚಲನೆಗಳಿಂದಲೇ ಸಣ್ಣ ಸಣ್ಣ ವಿವರಗಳು ಇನ್ನಷ್ಟು ಚೆನ್ನಾಗಿ ಕಾಣುತ್ತವೆ ಎಂದು ತೋರಿಸಿದರು.

ಹುಡುಗನ ಪ್ರಶ್ನೆಗೆ ಉತ್ತರ: ಇಲ್ಲ, ಇದನ್ನು ಇಬ್ನುಲ್ ಹೈಸಮ್ ಬರೆದಿಲ್ಲ. ಇದರಿಂದ ಅವರ ಹಿರಿಮೆಗೆ ಕುಂದಿಲ್ಲ. ಟಾಲೆಮಿಯ ಮೇಲಿನ ಸಂದೇಹಗಳಿಗೇ ಒಂದು ಪುಸ್ತಕ ಮೀಸಲಿಟ್ಟವರು ಅವರು. ಹಿಂದಿನವರ ಮಾತೆಂದು ಸುಮ್ಮನೆ ಒಪ್ಪದೆ ಪರೀಕ್ಷಿಸಬೇಕು, ತನ್ನ ತಿಳಿವಳಿಕೆಯನ್ನೂ ಸಂದೇಹಿಸಬೇಕು ಎಂಬುದು ಅವರ ನಿಲುವು. ಅವರು ಹೇಳದ್ದನ್ನು ಅವರ ಹೆಸರಿಗೆ ಕಟ್ಟುವುದು ಅವರಿಗೆ ಮಾಡುವ ಗೌರವವಲ್ಲ.

ಮರುವಾರ ಅದೇ ಜಮಾಅತಿನ ಮುಂದೆ ನನ್ನ ಮಾತನ್ನು ತಿದ್ದಿಕೊಂಡೆ. ಮನೆಯಲ್ಲಿ ಮಕ್ಕಳು ಹೀಗೆ ಪ್ರಶ್ನೆ ಕೇಳಿದರೆ ಅಧಿಕಪ್ರಸಂಗವೆಂದು ಗದರಬೇಡಿ. ಜೊತೆಗೆ ಕೂತು ಹುಡುಕಿ.