ಮೆಟ್ನರನ ಕೊನೆಯ ಧ್ವನಿಮುದ್ರಿಕೆಗಳು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆ ನಾವು ಬೆಳೆಯುತ್ತಿದ್ದಾಗ ಜಯಚಾಮರಾಜ ಒಡೆಯರೆಂದರೆ ಗೋಡೆಯ ಮೇಲಿನ ಪಟ, ದಸರೆಯ ಅಂಬಾರಿಯಲ್ಲಿ ಅವರನ್ನು ಕಂಡಿದ್ದ ಹಿರಿಯರ ಮಾತು. ಅವರು 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂಬುದು ಕಾಲೇಜಿಗೆ ಬಂದ ಮೇಲೆ ತಿಳಿಯಿತು. ರಷ್ಯದ ವೃದ್ಧ ಸಂಗೀತಗಾರನೊಬ್ಬನ ಕೊನೆಯ ಧ್ವನಿಮುದ್ರಣಗಳಿಗೆ ಲಂಡನ್ನಿನಲ್ಲಿ ಆಸರೆಯಾದವರೂ ಅವರೇ ಎಂಬುದು ಗೊತ್ತಾದದ್ದು ನಿವೃತ್ತನಾಗುವ ಹೊತ್ತಿಗೆ.

ನಿಕೊಲಾಯ್ ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು, ರಖ್ಮನಿನೋವನ ಸ್ನೇಹಿತ. 1921ರಲ್ಲಿ ತಾಯ್ನಾಡನ್ನು ತೊರೆದು ಮುಂದೆ ಲಂಡನ್ನಿನಲ್ಲಿ ನೆಲೆಸಿದ. ಸ್ಟ್ರಾವಿನ್ಸ್ಕಿ, ಶೋನ್‌ಬರ್ಗ್ ಮೊದಲಾದವರು ಹೊಸ ಹಾದಿ ಹಿಡಿದಾಗಲೂ ಅವನು ಹಿಂದಿನವರ ಸಂಪ್ರದಾಯವನ್ನು ಬಿಡಲಿಲ್ಲ. ಅದನ್ನು ಸಮರ್ಥಿಸಿ 1935ರಲ್ಲಿ ಪುಸ್ತಕವನ್ನೇ ಬರೆದ. ಕಾಲ ಅವನನ್ನು ಹಿಂದೆ ಬಿಟ್ಟು ನಡೆಯಿತು. ಮಹಾರಾಜರ ನೆರವಿನಿಂದ ಮೆಟ್ನರ್ ಸೊಸೈಟಿ ಹುಟ್ಟಿ, ಎಚ್.ಎಂ.ವಿ. ಕಂಪನಿಯವರು ಅವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸಿಕೊಂಡರು. ಮೂರು ಪಿಯಾನೋ ಕನ್ಚರ್ಟೊಗಳು 1947ರಲ್ಲಿ ಮುದ್ರಣವಾದವು. 1950ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿದ ಗೀತೆಗಳು. ಮೂರನೆಯ ಕನ್ಚರ್ಟೊ ಮಹಾರಾಜರಿಗೇ ಅರ್ಪಿತವಾಗಿದೆ. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡ.

ಅದೇ 1947ರಲ್ಲಿ ಇಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆದಿತ್ತು, ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು. ಅರಮನೆಯ ವೆಚ್ಚಕ್ಕೂ ಕಡೆಗೆ ರಾಗಿ, ಹುರುಳಿ ಬೆಳೆದವನ ಕಂದಾಯವೇ ಮೂಲವಲ್ಲವೆ? ನಮ್ಮ ತಾಲ್ಲೂಕುಗಳ ರೈತ ಎಂದೂ ಕೇಳದ ಸಂಗೀತಕ್ಕೆ ಆ ಹಣ ಸಂದದ್ದು ನ್ಯಾಯವೆ? ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ.

ಫಲವಾದರೂ ಕೂಡಲೇ ಕಾಣಲಿಲ್ಲ. ಮೂರು ಸಂಪುಟಗಳಾಗಿ ಬಂದ ಆ ತಟ್ಟೆಗಳು ನಿಮಿಷಕ್ಕೆ 78 ಸುತ್ತಿನವು. ನಾಲ್ಕೈದು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸಬೇಕು. ಅಷ್ಟರಲ್ಲಿ ಹೆಚ್ಚು ಹೊತ್ತು ನುಡಿಯುವ ಎಲ್.ಪಿ.ಗಳು ಬಂದವು. ಹಲವು ದಶಕಗಳ ಕಾಲ ಮೆಟ್ನರ್ ಕೆಲವೇ ರಸಿಕರ ಸೊತ್ತಾಗಿ ಉಳಿದ. 1990ರ ದಶಕದಲ್ಲಿ ಆ ಮುದ್ರಣಗಳು ಸಿ.ಡಿ.ಗಳಾಗಿ ಮರಳಿದವು, ಕೆನಡಾದ ಹ್ಯಾಮೆಲಿನ್ ಅವನ ಸೊನಾಟಾಗಳೆಲ್ಲವನ್ನೂ ನುಡಿಸಿ ಮುದ್ರಿಸಿದ.

ಹಳೆಯ ಶಿಷ್ಯನೊಬ್ಬ ತಂದುಕೊಟ್ಟ ಮೂರನೆಯ ಕನ್ಚರ್ಟೊವನ್ನು ಹುಣಸೂರಿನ ನನ್ನ ಮನೆಯಲ್ಲಿ ಕೇಳಿದೆ. ಎಲ್ಲವೂ ತಿಳಿಯಿತೆನ್ನಲಾರೆ. ತಟ್ಟೆಯ ಗರಗರ ಸದ್ದಿನ ಹಿಂದೆ, ತನ್ನನ್ನು ಯಾರು ಕೇಳುವರೆಂದು ಅರಿಯದ ಮುದುಕನೊಬ್ಬ ಒಂದು ಸ್ವರವನ್ನೂ ಅವಸರಿಸದೆ ನುಡಿಸುತ್ತಿದ್ದ. ಕಂದಾಯ ಕಟ್ಟಿದ ನನ್ನ ಅಜ್ಜನಿಗೆ ತಲುಪದ ಆ ನಾದ ಎಪ್ಪತ್ತು ವರ್ಷ ಕಳೆದು ಮೊಮ್ಮಗನಿಗೆ ತಲುಪಿತು. ನ್ಯಾಯದ ಪ್ರಶ್ನೆ ಇದರಿಂದ ಇತ್ಯರ್ಥವಾಗದು. ಆದರೂ ಅಜ್ಜನ ಲೆಕ್ಕದಲ್ಲಿ ಉಳಿದಿದ್ದ ಬಾಕಿಯಲ್ಲಿ ಸ್ವಲ್ಪ ಸಂದಾಯವಾಯಿತೆಂದು ನನಗೆ ತೋರಿತು.