ಒಂದೇ ನರಕೋಶದ ಎರಡು ಸಂದೇಶಗಳು: ಸೆರೊಟೋನಿನ್ ಮತ್ತು ಎನ್‌ಎಲ್‌ಪಿ-3

ಸೆರೊಟೋನಿನ್ ತಯಾರಿಸುವ ನರಕೋಶಗಳಲ್ಲಿ ಪೆಪ್ಟೈಡ್‌ಗಳೂ ಇರುತ್ತವೆ ಎಂಬುದು ಹೊಸ ಸುದ್ದಿಯಲ್ಲ. ಸ್ವೀಡನ್ನಿನ ಥಾಮಸ್ ಹೋಕ್‌ಫೆಲ್ಟ್ ಮತ್ತು ಸಂಗಡಿಗರು 1978ರಲ್ಲೇ ಇಲಿಯ ಕೆಲವು ಸೆರೊಟೋನಿನ್ ಕೋಶಗಳಲ್ಲಿ ಸಬ್‌ಸ್ಟೆನ್ಸ್ ಪಿ ಎಂಬ ಪೆಪ್ಟೈಡ್ ಇರುವುದನ್ನು ಪ್ರತಿಕಾಯಗಳ ನೆರವಿನಿಂದ ಗುರುತಿಸಿದ್ದರು. ಆದರೆ ಒಂದು ಕೋಶದಲ್ಲಿ ಎರಡು ವಸ್ತುಗಳಿವೆ ಎಂದು ತೋರಿಸುವುದು ಬೇರೆ, ಎರಡೂ ಅಲ್ಲಿಂದ ಹೊರಟು ಕೆಲಸ ಮಾಡುತ್ತವೆ ಎಂದು ತೋರಿಸುವುದು ಬೇರೆ. ಎರಡನೆಯ ಮಾತಿಗೆ ನನಗೆ ಗಟ್ಟಿಯಾಗಿ ಕಾಣುವ ಪುರಾವೆ ಬಂದದ್ದು ಇಲಿಯಿಂದಲ್ಲ, ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಿಂದ.

ಸೀನೊರ್ಹ್ಯಾಬ್ಡೈಟಿಸ್ ಎಲಿಗನ್ಸ್ ಎಂಬ ಈ ಜೀವಿಯ ಉಭಯಲಿಂಗಿ ಹುಳುವಿನಲ್ಲಿ 302 ನರಕೋಶಗಳಿವೆ. ಅವುಗಳಲ್ಲಿ ಎಚ್‌ಎಸ್‌ಎನ್ ಎಂಬ ಜೋಡಿ ಮೊಟ್ಟೆಯಿಡುವಿಕೆಯನ್ನು ಪ್ರಚೋದಿಸುತ್ತದೆ. ಅದು ಸತ್ತರೆ ಮೊಟ್ಟೆಗಳು ಒಡಲಲ್ಲೇ ತುಂಬಿಕೊಳ್ಳುತ್ತವೆ. ಈ ಜೋಡಿ ಸೆರೊಟೋನಿನ್ ಬಿಡುಗಡೆ ಮಾಡುತ್ತದೆ, ಹೊರಗಿನಿಂದ ಸೆರೊಟೋನಿನ್ ಕೊಟ್ಟರೂ ಹುಳು ಮೊಟ್ಟೆಯಿಡುತ್ತದೆ. ಇಷ್ಟಾದರೂ ಸೆರೊಟೋನಿನ್ ತಯಾರಿಸಲಾರದ ಟಿಪಿಎಚ್-1 ಮ್ಯುಟೆಂಟ್ ಹುಳುಗಳು ಎಚ್‌ಎಸ್‌ಎನ್ ಕಳೆದುಕೊಂಡವುಗಳಷ್ಟು ಕೆಡುವುದಿಲ್ಲ. ಹಾಗಾದರೆ ಆ ಕೋಶ ಇನ್ನೇನನ್ನೋ ಹೊರಬಿಡುತ್ತಿರಬೇಕು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮೈಕೆಲ್ ಕೆಲ್ ಅವರ ತಂಡ 2019ರಲ್ಲಿ ಪ್ರಕಟಿಸಿದ ಪ್ರಬಂಧ ಈ 'ಇನ್ನೇನೋ' ಯಾವುದೆಂದು ಹುಡುಕಿತು. ಸಿಕ್ಕಿದ್ದು ಎನ್‌ಎಲ್‌ಪಿ-3 ಎಂಬ ಜೀನಿನ ಪೆಪ್ಟೈಡ್‌ಗಳು. ಅಳತೆಯ ವಿಧಾನ ಸರಳ, ತುಸು ನಿರ್ದಯವೂ ಹೌದು: ವಯಸ್ಕ ಹುಳುವನ್ನು ಬ್ಲೀಚ್ ದ್ರಾವಣದಲ್ಲಿ ಹಾಕಿದರೆ ದೇಹ ಕರಗುತ್ತದೆ, ಚಿಪ್ಪಿನ ರಕ್ಷಣೆಯಿರುವ ಮೊಟ್ಟೆಗಳು ಉಳಿಯುತ್ತವೆ, ಅವನ್ನು ಎಣಿಸಿದರಾಯಿತು. ಸಹಜ ಹುಳುವಿನ ಒಡಲಲ್ಲಿ ಸುಮಾರು 15 ಮೊಟ್ಟೆಗಳಿರುತ್ತವೆ. ಸೆರೊಟೋನಿನ್ ಅಥವಾ ಎನ್‌ಎಲ್‌ಪಿ-3, ಒಂದೊಂದೇ ಇಲ್ಲದಾಗ ತೊಂದರೆ ಸೌಮ್ಯ. ಎರಡೂ ಇಲ್ಲದಾಗ ಮೊಟ್ಟೆಗಳು ವಿಪರೀತ ಸೇರಿಕೊಳ್ಳುತ್ತವೆ.

ಇಲ್ಲಿ ಒಂದು ತಕರಾರು ಏಳುತ್ತದೆ. ಮ್ಯುಟೆಂಟ್ ಹುಳುವಿನಲ್ಲಿ ಆ ವಸ್ತು ಇಡೀ ದೇಹದಲ್ಲೇ ಇರುವುದಿಲ್ಲ. ತಲೆಯ ಇತರ ಕೆಲವು ನರಕೋಶಗಳೂ ಸೆರೊಟೋನಿನ್ ತಯಾರಿಸುತ್ತವೆ. ಎನ್‌ಎಲ್‌ಪಿ-3 ಕೂಡ ಎಚ್‌ಎಸ್‌ಎನ್‌ನ ಸ್ವಂತ ಸೊತ್ತಲ್ಲ. ಹೀಗಾಗಿ ಮೊಟ್ಟೆಯ ಎಣಿಕೆಯೊಂದರಿಂದಲೇ ಎಚ್‌ಎಸ್‌ಎನ್ ಮೇಲೆ ಹೊಣೆ ಹೊರಿಸಲಾಗದು. ತಂಡ ಇದಕ್ಕೆ ಬೆಳಕಿನ ಮೊರೆಹೋಯಿತು. ಎಚ್‌ಎಸ್‌ಎನ್‌ನಲ್ಲಿ ಚಾನೆಲ್‌ರೊಡಾಪ್ಸಿನ್ ಎಂಬ ಬೆಳಕುಸಂವೇದಿ ಪ್ರೋಟೀನನ್ನು ಇರಿಸಿ, ನೀಲಿ ಬೆಳಕು ಹಾಯಿಸಿ ಆ ಕೋಶವನ್ನೇ ಚೋದಿಸಿದರು. ಇಂಥ ಪ್ರಯೋಗದಲ್ಲಿ ಹುಳುವಿಗೆ ಆಹಾರದ ಜೊತೆ ರೆಟಿನಲ್ ಉಣಿಸಬೇಕು. ಉಣಿಸದ ಹುಳುಗಳಲ್ಲಿ ಆ ಪ್ರೋಟೀನು ಕೆಲಸ ಮಾಡುವುದಿಲ್ಲವಾದ್ದರಿಂದ ಬೆಳಕಿನದೇ ಪರಿಣಾಮವೇನಾದರೂ ಇದ್ದರೆ ಅವುಗಳಲ್ಲಿ ಗೊತ್ತಾಗುತ್ತದೆ. ಎರಡರಲ್ಲಿ ಯಾವುದೋ ಒಂದು ಸಂದೇಶ ಉಳಿದಿದ್ದರೂ ಹುಳು ಮೊಟ್ಟೆಯಿಟ್ಟಿತು. ಎರಡೂ ಇಲ್ಲದಿದ್ದಾಗ ಚೋದನೆ ಬಹುಮಟ್ಟಿಗೆ ವ್ಯರ್ಥವಾಯಿತು. ಪ್ರಬಂಧದ ನಿಜವಾದ ತೂಕ ಈ ಪ್ರಯೋಗದಲ್ಲಿದೆ ಎಂದು ನನ್ನ ಎಣಿಕೆ.

ಒಂದು ಸಾಕಾಗುವ ಕಡೆ ಎರಡೇಕೆ? ಉತ್ತರದ ಸುಳಿವು ಮೊಟ್ಟೆಯಿಡುವಿಕೆಯ ಲಯದಲ್ಲಿದೆ: ಸುಮಾರು 2 ನಿಮಿಷ ಚಟುವಟಿಕೆ, ಬಳಿಕ ಸುಮಾರು 20 ನಿಮಿಷ ವಿರಾಮ. ಅದೇ ಪ್ರಯೋಗಾಲಯದ ಮುಂದಿನ ಕೆಲಸ ಎನ್‌ಎಲ್‌ಪಿ-3ರ ಗ್ರಾಹಕವನ್ನು ಗುರುತಿಸಿತು. ಎನ್‌ಪಿಆರ್-36 ಎಂಬ ಆ ಗ್ರಾಹಕ ಮೊಟ್ಟೆಯಿಡುವ ಸ್ನಾಯುಗಳಲ್ಲೇ ಇದೆ; ಸೆರೊಟೋನಿನ್ ಗ್ರಾಹಕಗಳೂ ಅಲ್ಲಿಯೇ. ಅಂದರೆ ಎರಡೂ ಸಂದೇಶಗಳು ತಲುಪುವುದು ಒಂದೇ ವಿಳಾಸಕ್ಕೆ. ಹೀಗಾಗಿ ಇವನ್ನು ಒಂದಕ್ಕೊಂದು ಬದಲಿ ಎಂದು ಕೈಬಿಡುವ ಬದಲು ಸ್ನಾಯುವಿನ ಲಯವನ್ನು ಸೇರಿ ಹದಗೊಳಿಸುವ ಜೋಡಿಯಾಗಿ ನೋಡುವುದು ಸರಿ.

ಇನ್ನೊಂದು ಎಚ್ಚರಿಕೆ: ಅಸಿಟೈಲ್‌ಕೋಲಿನ್ ಎಂಬ ಮತ್ತೊಂದು ನರಸಂದೇಶಕವನ್ನು ಬಳಸಲು ಬೇಕಾದ ಜೀನುಗಳೂ ಎಚ್‌ಎಸ್‌ಎನ್‌ನಲ್ಲಿ ಚಾಲೂ ಇರುತ್ತವೆ. 'ಎರಡು' ಎಂಬ ಲೆಕ್ಕವನ್ನು ಕನಿಷ್ಠ ಸಂಖ್ಯೆಯೆಂದೇ ಓದಿಕೊಳ್ಳಬೇಕು.