ಹಡಗು ಹತ್ತಿದವರ ಊರು ಯಾವುದು?

ಪೋರ್ಚುಗಲ್ಲಿನಲ್ಲಿ ವಂಶಾವಳಿ ಎಂದರೆ ಬಹುಕಾಲ ಕುಲೀನ ಮನೆತನಗಳ ಸೊತ್ತು. ಯಾರ ಮಗಳು ಯಾರ ಮನೆ ಸೇರಿದಳು, ಯಾವ ಲಾಂಛನ ಯಾರದು ಎಂಬುದಕ್ಕೆಲ್ಲ ದಪ್ಪ ದಪ್ಪ ಸಂಪುಟಗಳಿವೆ. ಅಸೋರಿಸ್ ದ್ವೀಪಗಳಿಂದ ತಿಮಿಂಗಿಲ ಬೇಟೆಯ ಹಡಗು ಹತ್ತಿ ಮ್ಯಾಸಚೂಸೆಟ್ಸಿನ ನ್ಯೂ ಬೆಡ್‌ಫರ್ಡ್ ಸೇರಿದ ಹುಡುಗರಾಗಲಿ, 1878ರಲ್ಲಿ ಮಡೇರಾದಿಂದ ‘ಪ್ರಿಸಿಲ್ಲಾ’ ಹಡಗಿನಲ್ಲಿ ಹವಾಯಿಯ ಕಬ್ಬಿನ ತೋಟಗಳಿಗೆ ಹೋದ ಕೂಲಿಗಳಾಗಲಿ ಅವುಗಳಲ್ಲಿ ಸಿಗುವವರಲ್ಲ.

ಅವರು ಸಿಗುವುದು ಚರ್ಚಿನ ಪುಸ್ತಕಗಳಲ್ಲಿ. ಜ್ಞಾನಸ್ನಾನ, ಮದುವೆಗಳನ್ನು ಪಾದ್ರಿಗಳು ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲೇ ವಿಧಿಸಿತ್ತು. 1860ರಿಂದ ಅದಕ್ಕೊಂದು ಏಕರೂಪದ ನಮೂನೆ ಬಂತು: ಮಗುವಿನ ಹೆಸರು, ತಂದೆತಾಯಿ, ಅವರ ಊರು, ಕಸುಬು, ಎರಡೂ ಕಡೆಯ ಅಜ್ಜ ಅಜ್ಜಿ. ಒಂದು ನಮೂದು ಸಿಕ್ಕರೆ ಮೂರು ತಲೆಮಾರು ಕೈಗೆ ಬಂತು. ‘ತಂದೆ ಅಜ್ಞಾತ’ ಎಂದಿದ್ದರೆ ಆ ಕವಲು ಬಹುಪಾಲು ಅಲ್ಲಿಗೇ ಮುಗಿಯಿತು. 1911ರಲ್ಲಿ ಗಣರಾಜ್ಯ ಸರ್ಕಾರ ನಾಗರಿಕ ನೋಂದಣಿಯನ್ನು ಎಲ್ಲರಿಗೂ ಕಡ್ಡಾಯ ಮಾಡಿತು; ಹಳೆಯ ಪುಸ್ತಕಗಳು ಕ್ರಮೇಣ ಜಿಲ್ಲಾ ಪತ್ರಾಗಾರಗಳನ್ನು ಸೇರಿದವು.

ಈ ಪುಸ್ತಕಗಳಿಂದ ಸಾಮಾನ್ಯರ ಕುಟುಂಬಗಳನ್ನು ಊರೂರಿಗೇ ಮರುಜೋಡಿಸಬಹುದೆಂದು ತೋರಿಸಿದವರಲ್ಲಿ ಮಿನ್ಹೊ ವಿಶ್ವವಿದ್ಯಾಲಯದ ಮರಿಯಾ ನೊರ್ಬೆರ್ತಾ ಅಮೊರಿಂ ಮುಖ್ಯರು. ಈ ಕ್ಷೇತ್ರದ ದಿಕ್ಕು ಬದಲಾದದ್ದು ಇಂಥ ಕೆಲಸದಿಂದ ಎಂದೇ ನನ್ನ ಎಣಿಕೆ. ಸಲಕರಣೆ ಒದಗಿಸಿದವರು ಬೇರೆ. ಯೂಟಾದ ವಂಶಾವಳಿ ಸಂಘ 1938ರಲ್ಲಿ ಶುರುಮಾಡಿದ ಮೈಕ್ರೋಫಿಲ್ಮ್ ಕೆಲಸ ಪೋರ್ಚುಗಲ್ಲಿಗೂ ಹಬ್ಬಿತು. ಆ ಸುರುಳಿಗಳನ್ನು ಓದುಗರಿಗಾಗಿ ಊರೂರಿಗೆ ಕಳಿಸುವ ಏರ್ಪಾಟು 2017ರಲ್ಲಿ ನಿಂತಿತು. ಈಗ ಅಸೋರಿಸ್‌ನ ಎಷ್ಟೋ ಪುಟಗಳನ್ನು ಮನೆಯಲ್ಲೇ ಕುಳಿತು ಪುಕ್ಕಟೆಯಾಗಿ ನೋಡಬಹುದು.

ಆದರೆ ನೋಡುವುದು ಯಾವ ಊರಿನ ಪುಟ? ಪುಸ್ತಕಗಳೆಲ್ಲ ಧರ್ಮಕೇಂದ್ರವಾರು, ಅದರ ಹೆಸರು ತಿಳಿಯದೆ ಕೆಲಸ ಕದಲದು. ಅಮೆರಿಕದ ಜನಗಣತಿಯವರು ‘ಪೋರ್ಚುಗಲ್’ ಎಂದೋ ‘ಪಶ್ಚಿಮ ದ್ವೀಪಗಳು’ ಎಂದೋ ಗೀಚಿ ಮುಂದೆ ಹೋಗಿರುತ್ತಾರೆ. ಅಷ್ಟರಲ್ಲಿ ಪೆರೇರಾ ಪೆರಿಯಾಗಿ, ರೊಡ್ರಿಗಸ್ ರೋಜರ್ಸ್ ಆಗಿರುತ್ತಾನೆ. ಪಾಸ್‌ಪೋರ್ಟ್ ಪುಸ್ತಕಗಳಿವೆ ನಿಜ, ಆದರೆ ಸೈನ್ಯದ ಕಡ್ಡಾಯ ಸೇವೆ ತಪ್ಪಿಸಿಕೊಂಡು ರಾತ್ರೋರಾತ್ರಿ ಹಡಗು ಹತ್ತಿದವನು ಅದರಲ್ಲಿ ಹೆಸರು ಬರೆಸಿಯಾನೆ? ಪಳಗಿದವರು ಮೊದಲು ತಡಕುವುದು ವಲಸಿಗರದೇ ಚರ್ಚುಗಳ ಮದುವೆ ಪುಸ್ತಕಗಳನ್ನು. ನ್ಯೂ ಬೆಡ್‌ಫರ್ಡಿನಲ್ಲಿ 1871ರಷ್ಟು ಹಿಂದೆಯೇ ಅಂಥದೊಂದು ಚರ್ಚು ಹುಟ್ಟಿತ್ತು. ಪೋರ್ಚುಗೀಸ್ ಬಲ್ಲ ಪಾದ್ರಿ ವಧೂವರರ ಊರನ್ನು ಕೇಳಿ, ಸರಿಯಾಗಿ ಬರೆದುಕೊಂಡಿರುವ ಸಾಧ್ಯತೆ ಹೆಚ್ಚು. (ಮಂಗಳೂರಿನ ಪಿಂಟೊ, ಡಿಸೋಜರು ಈ ದಾರಿ ಹಿಡಿಯಬೇಕಿಲ್ಲ, ಅವರ ಪೂರ್ವಜರಿಗೆ ಆ ಹೆಸರು ಬಹುಮಟ್ಟಿಗೆ ಬಂದದ್ದು ಮತಾಂತರದಿಂದ, ಲಿಸ್ಬನ್ನಿನಿಂದಲ್ಲ.)

ಈಚೆಗೆ ಡಿಎನ್‌ಎ ಪರೀಕ್ಷೆ ಬಂದಿದೆ. ದ್ವೀಪದವರ ವಿಷಯದಲ್ಲಿ ಅದನ್ನು ಪೂರ್ತಿ ನಂಬುವಂತಿಲ್ಲ. ಪುಟ್ಟ ಊರುಗಳಲ್ಲಿ ತಲೆತಲಾಂತರ ಒಳಗೊಳಗೇ ಸಂಬಂಧ ಬೆಳೆಸಿದ್ದರಿಂದ ದೂರದ ದಾಯಾದಿಯೂ ಹತ್ತಿರದವನಂತೆ ಕಾಣುತ್ತಾನೆ. ಆ ಗೋಜಲು ಬಿಡಿಸಲು ಮತ್ತೆ ಮದುವೆಯ ನಮೂದೇ ಬೇಕು: ರಕ್ತಸಂಬಂಧಿಗಳಿಗೆ ಚರ್ಚಿನ ವಿಶೇಷ ಅನುಮತಿ ಬೇಕಿದ್ದರಿಂದ, ವಧೂವರರು ಎಷ್ಟನೆಯ ತಲೆಮಾರಿನಲ್ಲಿ ಸಂಬಂಧಿಕರೆಂಬುದನ್ನೂ ಪಾದ್ರಿ ಅಲ್ಲಿ ಬರೆದಿರುತ್ತಾನೆ.